ಹಾಡು ಯಾರದು, ಹೆಸರು ಯಾರದು? – ರಾಕ್ ಸಂಗೀತ ಕಟ್ಟಿದವರ ಇತಿಹಾಸ



ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆದುಕೊಡು ಅಂತ ಸಂಘದ ಅಣ್ಣ ಹೇಳಿದಾಗ ನನಗೆ ಮೊದಲು ನೆನಪಾದದ್ದು ಮಹಾಡ ಮತ್ತು ಭೀಮಾ ಕೋರೆಗಾಂವ. ಆದರೆ ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮಲ್ಲೇ ಇದ್ದಾರೆ. ನಾನು ಬಿ.ಎ. ಓದುತ್ತಿರುವ ಹುಡುಗಿ. ಹತ್ತನೆಯ ತನಕ ಕನ್ನಡ ಸಾಲಿ, ಆಮೇಲೆ ಮರಾಠಿ ಕಾಲೇಜು. ಹಿಂಗಾಗಿ ಭಾಷೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ವಿಷಯ ಸಿಕ್ಕಿದ್ದು ನಮ್ಮ ಸಮಾಜ ಮಂದಿರದಲ್ಲಿಯೇ. ಏಪ್ರಿಲ್ 14ರ ಜಯಂತಿಯ ತಯಾರಿ ನಡೆದಿತ್ತು. ಪತಾಕೆ ಕಟ್ಟುತ್ತಿದ್ದ ತಮ್ಮನೊಬ್ಬ ಮೊಬೈಲಿನಲ್ಲಿ ಇಂಗ್ಲಿಷ್ ರಾಕ್ ಹಾಡು ಹಚ್ಚಿದ್ದ. ಗಿಟಾರ್ ಕಿರುಚುತ್ತಿತ್ತು. ಅಲ್ಲೇ ಕುಳಿತಿದ್ದ ಕಾಕಾ ಒಬ್ಬರು, "ಬಂದ್ ಮಾಡೋ ಅದನ್ನ. ಬಿಳೇ ಮಂದಿ ಹಾಡು, ಶ್ರೀಮಂತರ ಮಕ್ಕಳ ಹಾಡು. ನಮಗೂ ಅದಕ್ಕೂ ಏನು ಸಂಬಂಧ?" ಅಂದರು. ಆಗ ನಾನೂ ಹೌದು ಅಂದುಕೊಂಡೆ. ನಮಗೆ ಗೊತ್ತಿರುವ ರಾಕ್ ಹಾಡುಗಾರರೆಂದರೆ ಎಲ್ವಿಸ್ ಪ್ರೀಸ್ಲಿ, ಬೀಟಲ್ಸ್. ಎಲ್ಲರೂ ಬಿಳಿಯರೇ. ಆಮೇಲೆ ಕಾಲೇಜಿನ ಗ್ರಂಥಾಲಯದಲ್ಲಿ ಅಮೆರಿಕದ ಇತಿಹಾಸ ಓದುತ್ತ ಹೋದಂತೆ ಬೇರೆಯೇ ಸಂಗತಿ ತಿಳಿಯಿತು. ಆ ಹಾಡಿನ ಬೇರು ಗುಲಾಮರ ಮೊಮ್ಮಕ್ಕಳು ಹತ್ತಿ ಬಿಡಿಸುತ್ತಿದ್ದ ಹೊಲದಲ್ಲಿ ಐತಿ, ಅವರ ಸಣ್ಣ ಸಣ್ಣ ಚರ್ಚುಗಳಲ್ಲಿ ಐತಿ. ಹಾಡು ಅವರದು, ಹೆಸರು ಮಾತ್ರ ಬೇರೆಯವರದಾಯಿತು. ಅದು ಹೇಗೆ ಆಯಿತು ಅನ್ನುವುದನ್ನು ನಾಲ್ಕು ಜನರ ಬದುಕಿನ ಮೂಲಕ ಹೇಳುತ್ತೇನೆ.

ಹಾಡಿಗೂ ಬೇರೆ ಸಾಲು

ಅಮೆರಿಕದಲ್ಲಿ ಗುಲಾಮಗಿರಿ ಕಾನೂನು ಪ್ರಕಾರ ಮುಗಿದದ್ದು 1865ರಲ್ಲಿ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಅದರ ಬೆನ್ನಿಗೇ ಇನ್ನೊಂದು ವ್ಯವಸ್ಥೆ ಬಂತು. ಕಪ್ಪು ಜನರಿಗೆ ಬೇರೆ ಸಾಲಿ, ರೈಲಿನಲ್ಲಿ ಬೇರೆ ಡಬ್ಬಿ, ನೀರು ಕುಡಿಯಲು ಬೇರೆ ನಲ್ಲಿ, ಹೋಟೆಲಿನಲ್ಲಿ ಪ್ರವೇಶವಿಲ್ಲ. ಇದನ್ನು ನಮ್ಮವರಿಗೆ ಬಿಡಿಸಿ ಹೇಳುವ ಅವಶ್ಯಕತೆ ಇಲ್ಲ. ಚಹಾದಂಗಡಿಯಲ್ಲಿ ಬೇರೆ ಕಪ್ಪಿನಲ್ಲಿ ಚಹಾ ಕುಡಿದ ಹಿರಿಯರು ನಮ್ಮ ಓಣಿಯಲ್ಲಿ ಇನ್ನೂ ಇದ್ದಾರೆ.

ಹಾಡಿಗೂ ಇದೇ ನಿಯಮ. 1920ರ ದಶಕದಿಂದ ರೆಕಾರ್ಡ್ ಕಂಪನಿಗಳು ಕಪ್ಪು ಜನರ ಹಾಡುಗಳನ್ನು 'ರೇಸ್ ರೆಕಾರ್ಡ್ಸ್' ಎಂಬ ಹೆಸರಿನಲ್ಲಿ, ಅಂದರೆ ಜನಾಂಗದ ಹಣೆಪಟ್ಟಿ ಹಚ್ಚಿ, ಬೇರೆಯಾಗಿ ಮಾರುತ್ತಿದ್ದವು. ವಾರವಾರವೂ ಯಾವ ಹಾಡು ಹೆಚ್ಚು ಓಡಿತು ಎಂದು ಲೆಕ್ಕ ಹಾಕುತ್ತಿದ್ದ 'ಬಿಲ್‌ಬೋರ್ಡ್' ಪತ್ರಿಕೆ ಅವರಿಗೆ ಬೇರೆಯದೇ ಯಾದಿ ಇಟ್ಟಿತ್ತು. 1949ರಲ್ಲಿ ಆ ಯಾದಿಯ ಹೆಸರನ್ನು 'ರಿದಮ್ ಅಂಡ್ ಬ್ಲೂಸ್' ಎಂದು ಬದಲಿಸಿತು. ಹೆಸರು ಬದಲಾಯಿತು, ಸಾಲು ಮಾತ್ರ ಬೇರೆಯೇ ಉಳಿಯಿತು. ಈ ಬೇರೆ ಸಾಲಿನಲ್ಲಿ ನಿಂತವರೇ ರಾಕ್ ಸಂಗೀತವನ್ನು ಕಟ್ಟಿದರು.

ಗಿಟಾರ್ ಹಿಡಿದ ಹೆಣ್ಣುಮಗಳು

ಗಿಟಾರ್ ಅಂದರೆ ಗಂಡಸರ ವಾದ್ಯ ಅನ್ನುವವರು ಸಿಸ್ಟರ್ ರೊಸೆಟ್ಟಾ ಥಾರ್ಪ್ ಬಗ್ಗೆ ತಿಳಿದುಕೊಳ್ಳಬೇಕು. ಆಕೆ ಹುಟ್ಟಿದ್ದು 1915ರಲ್ಲಿ, ಆರ್ಕನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಎಂಬ ಊರಲ್ಲಿ. ಕಾಟನ್ ಅಂದರೆ ಹತ್ತಿ. ಊರಿನ ಹೆಸರೇ ಅಲ್ಲಿಯ ಜನ ಏನು ಕೆಲಸ ಮಾಡುತ್ತಿದ್ದರು ಅಂತ ಹೇಳುತ್ತದೆ. ತಾಯಿ ಕೇಟಿ ಬೆಲ್ ಚರ್ಚಿನಲ್ಲಿ ಹಾಡುತ್ತಿದ್ದಳು, ಮ್ಯಾಂಡೊಲಿನ್ ಬಾರಿಸುತ್ತಿದ್ದಳು. ಮಗಳು ಆರು ವರ್ಷ ತುಂಬುವುದರೊಳಗೆ ತಾಯಿಯ ಜತೆ ಊರೂರು ತಿರುಗಿ ಗಿಟಾರ್ ಬಾರಿಸುತ್ತ ಹಾಡತೊಡಗಿದಳು. ಆಮೇಲೆ ತಾಯಿ-ಮಗಳು ಶಿಕಾಗೋಕ್ಕೆ ಹೋದರು.

1938ರಲ್ಲಿ ರೊಸೆಟ್ಟಾ ಡೆಕ್ಕಾ ಕಂಪನಿಗೆ ಹಾಡಿದಳು. ಅದೇ ವರ್ಷ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಹಾಡಿದಳು. ದೇವರ ಹಾಡನ್ನು ರಾತ್ರಿಯ ಕ್ಲಬ್ಬುಗಳಲ್ಲಿ ಹಾಡುತ್ತಾಳೆಂದು ಚರ್ಚಿನವರು ಬೈದರು. ಆಕೆ ಎರಡನ್ನೂ ಬಿಡಲಿಲ್ಲ. 1944ರಲ್ಲಿ ಧ್ವನಿಮುದ್ರಿಸಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಎಂಬ ಹಾಡು ಮರುವರ್ಷ ಕಪ್ಪು ಜನರ ಯಾದಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಇದೇ ಮೊದಲ ರಾಕ್ ಹಾಡು ಎನ್ನುವ ವಿದ್ವಾಂಸರೂ ಇದ್ದಾರೆ. ಎಲ್ವಿಸ್‌ಗೆ ಆಗ ಹತ್ತು ವರ್ಷ.

ಇಷ್ಟು ದೊಡ್ಡ ಹಾಡುಗಾರ್ತಿ ಪ್ರವಾಸದಲ್ಲಿ ಮಲಗುತ್ತಿದ್ದದ್ದು ಬಸ್ಸಿನಲ್ಲಿ. ದಕ್ಷಿಣದ ಹೋಟೆಲುಗಳು ಕಪ್ಪು ಜನರಿಗೆ ಕೋಣೆ ಕೊಡುತ್ತಿರಲಿಲ್ಲ. ಮುಂಜಾನೆ ಸಾವಿರಾರು ಜನ ಆಕೆಯ ಹಾಡಿಗೆ ಚಪ್ಪಾಳೆ ಹೊಡೆದ ಊರಿನಲ್ಲೇ ರಾತ್ರಿ ಊಟಕ್ಕೆ ಹಿಂದಿನ ಬಾಗಿಲಿಗೆ ಹೋಗಬೇಕು! 1951ರಲ್ಲಿ ವಾಷಿಂಗ್ಟನ್ನಿನ ಗ್ರಿಫಿತ್ ಕ್ರೀಡಾಂಗಣದಲ್ಲಿ ಆಕೆಯ ಮದುವೆ ಆಯಿತು. ಸುಮಾರು 25,000 ಜನ ಟಿಕೆಟ್ ತೆಗೆಸಿ ಆ ಮದುವೆ ನೋಡಿದರು. ಅಕ್ಷತೆ ಮುಗಿದ ಮೇಲೆ ಮದುಮಗಳೇ ಗಿಟಾರ್ ಹಿಡಿದು ಹಾಡಿದಳು.

1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಒಂದು ಹಳೆಯ ರೈಲ್ವೆ ಸ್ಟೇಶನ್ನಿನಲ್ಲಿ ಟಿ.ವಿ.ಯವರು ಕಾರ್ಯಕ್ರಮ ಇಟ್ಟಿದ್ದರು. ಕೇಳುವವರು ಒಂದು ಪ್ಲಾಟ್‌ಫಾರ್ಮಿನಲ್ಲಿ, ಹಾಡುವವರು ಎದುರಿನ ಪ್ಲಾಟ್‌ಫಾರ್ಮಿನಲ್ಲಿ. ಮಳೆ ಬಂದಿತ್ತು. ಕೋಟು ಹಾಕಿಕೊಂಡ ರೊಸೆಟ್ಟಾ ಬಂದು ಎಲೆಕ್ಟ್ರಿಕ್ ಗಿಟಾರ್ ಬಾರಿಸಿದ್ದನ್ನು ಇವತ್ತಿಗೂ ಮೊಬೈಲಿನಲ್ಲಿ ನೋಡಬಹುದು. ತಪ್ಪದೆ ನೋಡಿರಿ.

ಕೊನೆಗಾಲದಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಯಬೇಕಾಯಿತು. 1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡಳು. 30 ವರ್ಷಕ್ಕೂ ಹೆಚ್ಚು ಕಾಲ ಆಕೆಯ ಗೋರಿಯ ಮೇಲೆ ಹೆಸರಿನ ಒಂದು ಕಲ್ಲೂ ಇರಲಿಲ್ಲ. ಅಮೆರಿಕದ 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' 1986ರಲ್ಲಿ ಮೊದಲ ಸಲ ಹಾಡುಗಾರರನ್ನು ಗೌರವಿಸಿದಾಗ ಆ ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ರೊಸೆಟ್ಟಾಳ ಹೆಸರು ಅಲ್ಲಿ ಸೇರಿದ್ದು 2018ರಲ್ಲಿ, ಸತ್ತು 45 ವರ್ಷ ಆದ ಮೇಲೆ.

ಬಿಗ್ ಮಾಮಾನ ಪಾಲಿಗೆ ಬಂದದ್ದೆಷ್ಟು?

ಎರಡನೆಯವಳು ವಿಲ್ಲಿ ಮೇ ಥಾರ್ನ್‌ಟನ್. ಆಳು ಎತ್ತರ, ದನಿ ಅದಕ್ಕಿಂತ ದೊಡ್ಡದು. ಹೀಗಾಗಿ 'ಬಿಗ್ ಮಾಮಾ', ಅಂದರೆ ದೊಡ್ಡವ್ವ, ಅಂತಲೇ ಹೆಸರಾಯಿತು. 1926ರಲ್ಲಿ ಅಲಬಾಮಾ ರಾಜ್ಯದಲ್ಲಿ ಹುಟ್ಟಿದಳು. ತಾಯಿ ಬೇಗ ಸತ್ತಳು. ಸಾಲಿ ಬಿಟ್ಟು ಸೆರೆ ಅಂಗಡಿಯಲ್ಲಿ ಉಗುಳುವ ಪಾತ್ರೆ ತೊಳೆಯುವ ಕೆಲಸಕ್ಕೆ ಹೋದಳು. 14ನೆಯ ವಯಸ್ಸಿನಲ್ಲಿ ಒಂದು ಹಾಡು-ಕುಣಿತದ ತಂಡ ಸೇರಿಕೊಂಡು ಮನೆ ಬಿಟ್ಟಳು. ಡ್ರಮ್ಮು, ಹಾರ್ಮೋನಿಕಾ ಎರಡನ್ನೂ ನೋಡಿ ನೋಡಿ ತಾನೇ ಕಲಿತಳು.

1952ರ ಆಗಸ್ಟ್ 13ರಂದು ಲಾಸ್ ಏಂಜಲೀಸ್‌ನಲ್ಲಿ ಆಕೆ 'ಹೌಂಡ್ ಡಾಗ್' ಹಾಡಿದಳು. 1953ರಲ್ಲಿ ಅದು ಕಪ್ಪು ಜನರ ಯಾದಿಯಲ್ಲಿ 7 ವಾರ ಮೊದಲ ಸ್ಥಾನದಲ್ಲಿತ್ತು. ತನಗೆ ಸಿಕ್ಕದ್ದು ಒಟ್ಟು 500 ಡಾಲರ್ ಅಂತ ಆಕೆ ಹೇಳುತ್ತಿದ್ದಳು. ಮೂರು ವರ್ಷದ ನಂತರ ಎಲ್ವಿಸ್ ಅದೇ ಹಾಡು ಹಾಡಿದ. ಅದು ಬಿಳಿಯರ ಯಾದಿಯಲ್ಲಿ 11 ವಾರ ಮೊದಲ ಸ್ಥಾನದಲ್ಲಿ ಉಳಿಯಿತು. ಇವತ್ತು ಯಾರನ್ನಾದರೂ ಕೇಳಿರಿ, ಅದು ಎಲ್ವಿಸ್ ಹಾಡು ಅಂತಾರೆ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಬಿಳಿಯರೆಲ್ಲ ಕಳ್ಳರು, ಕರಿಯರೆಲ್ಲ ಬಡಪಾಯಿಗಳು ಅಂತ ಬರೆದರೆ ಅದು ಇತಿಹಾಸ ಆಗುವುದಿಲ್ಲ. ಆ ಹಾಡು ಬರೆದವರು ಲೀಬರ್ ಮತ್ತು ಸ್ಟಾಲರ್ ಎಂಬ ಇಬ್ಬರು ಯಹೂದಿ ಹುಡುಗರು. ಬಿಗ್ ಮಾಮಾಳನ್ನು ಎದುರಿಗೆ ನೋಡಿ ಆಕೆಗೆಂದೇ ಬರೆದರು. ಅವರಿಗೆ ಕೊಟ್ಟ ಚೆಕ್ ಸಹ ಬೌನ್ಸ್ ಆಯಿತು. ಆ ರೆಕಾರ್ಡ್ ಕಂಪನಿಯ ಮಾಲೀಕ ಡಾನ್ ರೋಬಿ ಸ್ವತಃ ಕಪ್ಪು ಮನುಷ್ಯ. ನಮ್ಮವ ಅನ್ನಿಸಿಕೊಂಡವನ ಕಂಪನಿಯಲ್ಲೇ ನಮ್ಮವಳಿಗೆ ಬಂದದ್ದು ಇಷ್ಟೇ. ಎಲ್ವಿಸ್ ಕೂಡ ಈ ಸಂಗೀತ ತನ್ನದಲ್ಲ, ಕಪ್ಪು ಜನ ತನಗಿಂತ ಎಷ್ಟೋ ಮೊದಲೇ ಹಾಡುತ್ತಿದ್ದರು ಅಂತ 1956ರಲ್ಲಿಯೇ ಒಪ್ಪಿಕೊಂಡಿದ್ದ. ಆದರೆ ಒಬ್ಬ ಮನುಷ್ಯ ಒಳ್ಳೆಯ ಮಾತು ಆಡಿದ ಮಾತ್ರಕ್ಕೆ ವ್ಯವಸ್ಥೆ ಬದಲಾಗುವುದಿಲ್ಲ. ರೇಡಿಯೋ, ಟಿ.ವಿ., ದೊಡ್ಡ ಸಭಾಂಗಣ ಎಲ್ಲವೂ ಎಲ್ವಿಸ್‌ಗೆ ತೆರೆದಿದ್ದವು, ಬಿಗ್ ಮಾಮಾಗೆ ಮುಚ್ಚಿದ್ದವು.

ಮುಂದೆ ಬಿಗ್ ಮಾಮಾ 'ಬಾಲ್ ಅಂಡ್ ಚೈನ್' ಅಂತ ತಾನೇ ಒಂದು ಹಾಡು ಕಟ್ಟಿದಳು. ಜಾನಿಸ್ ಜಾಪ್ಲಿನ್ ಎಂಬ ಬಿಳಿ ಹಾಡುಗಾರ್ತಿ ಅನುಮತಿ ಕೇಳಿ ಅದನ್ನು ಹಾಡಿ, 1967ರ ಮಾಂಟರೇ ಉತ್ಸವದಿಂದ ಜಗತ್ತಿಗೇ ಪರಿಚಯವಾದಳು. ಆದರೆ ಹಾಡಿನ ಹಕ್ಕು ಒಂದು ಸಣ್ಣ ಕಂಪನಿಯ ಕೈಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಕಟ್ಟಿದವಳಿಗೆ ಬರಬೇಕಾದ ದುಡ್ಡು ಬರಲಿಲ್ಲ. ಕುಡಿತ ಆಕೆಯ ದೇಹವನ್ನು ತಿಂದುಹಾಕಿತು. 1984ರಲ್ಲಿ, 57ನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನ ಒಂದು ಬಾಡಿಗೆ ಕೋಣೆಗಳ ಮನೆಯಲ್ಲಿ ಸತ್ತಳು. ಇನ್ನಿಬ್ಬರ ಜತೆ ಒಂದೇ ಗೋರಿಯಲ್ಲಿ ಮಣ್ಣು ಮಾಡಿದರು. ಹಾಲ್ ಆಫ್ ಫೇಮ್ ಆಕೆಯ ಹೆಸರು ಸೇರಿಸಿದ್ದು 2024ರಲ್ಲಿ.

ಒಂದು ಹಾಡಿಗೆ ಮೂರು ಹೆಸರು

ಚಕ್ ಬೆರ್ರಿ 1926ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದ. ಹುಡುಗನಿದ್ದಾಗ ದರೋಡೆ ಮಾಡಿ ಬಾಲಾಪರಾಧಿಗಳ ಜೈಲಿಗೆ ಹೋಗಿ ಬಂದ. ಮೋಟಾರು ಕಾರ್ಖಾನೆಯಲ್ಲಿ ದುಡಿದ, ಕೂದಲು ಸಿಂಗರಿಸುವ ಕೆಲಸ ಕಲಿತ. 1955ರ ಮೇ ತಿಂಗಳಲ್ಲಿ ಶಿಕಾಗೋದ ಚೆಸ್ ಕಂಪನಿಗೆ 'ಮೇಬೆಲಿನ್' ಎಂಬ ಹಾಡು ಹಾಡಿದ. ಹಾಡು ದೇಶದ ತುಂಬ ಓಡಿತು. ರಾಯಲ್ಟಿಯ ಲೆಕ್ಕ ಕೈಗೆ ಬಂದಾಗ ನೋಡಿದರೆ ಹಾಡು ಬರೆದವರು ಅಂತ ಮೂರು ಹೆಸರು! ತನ್ನದೊಂದು, ಅಲನ್ ಫ್ರೀಡ್ ಎಂಬ ಪ್ರಸಿದ್ಧ ರೇಡಿಯೋ ನಿರೂಪಕನದೊಂದು, ರಸ್ ಫ್ರಾಟೊ ಎಂಬುವನದೊಂದು. ಅವರಿಬ್ಬರೂ ಒಂದು ಅಕ್ಷರ ಬರೆದವರಲ್ಲ. ರೇಡಿಯೋದಲ್ಲಿ ಹಾಡು ಹಚ್ಚಬೇಕಾದರೆ ಕಂಪನಿಗಳು ಹಿಂಗೆ ಪಾಲು ಕೊಡುವ ರೂಢಿ ಇತ್ತು. ಪಾಲು ಹೋದದ್ದು ಕಟ್ಟಿದವನ ಕಿಸೆಯಿಂದ. ಆ ಎರಡು ಹೆಸರು ತೆಗೆಸಲು ಬೆರ್ರಿಗೆ 1986ರ ತನಕ, ಅಂದರೆ 31 ವರ್ಷ ಹಿಡಿಯಿತು.

ಇದರಿಂದ ಪಾಠ ಕಲಿತ ಬೆರ್ರಿ ಮುಂದೆ ಯಾರನ್ನೂ ನಂಬಲಿಲ್ಲ. ದುಡ್ಡು ನಗದಾಗಿ ಕೈಗೆ ಬಂದ ಮೇಲೆಯೇ ಸ್ಟೇಜ್ ಹತ್ತುತ್ತಿದ್ದ. ಅವನು ದೇವರೇನೂ ಅಲ್ಲ. 14 ವರ್ಷದ ಹುಡುಗಿಯನ್ನು ರಾಜ್ಯ ದಾಟಿಸಿ ಕರೆತಂದ ಪ್ರಕರಣದಲ್ಲಿ ಶಿಕ್ಷೆಯಾಗಿ 1962-63ರಲ್ಲಿ ಜೈಲಿನಲ್ಲಿದ್ದ. ದೊಡ್ಡ ಕಲಾವಿದ ಅಂತ ಅದನ್ನು ಮುಚ್ಚಿಡುವುದು ಸರಿಯಲ್ಲ. ಹಾಗೆಯೇ, ಜೈಲಿಗೆ ಹೋದವನು ಅಂತ ಅವನ ಹಾಡು ಕದಿಯುವುದೂ ಸರಿಯಲ್ಲ. 1977ರಲ್ಲಿ ಅಮೆರಿಕ 'ವಾಯೇಜರ್' ಎಂಬ ನೌಕೆಗಳನ್ನು ಆಕಾಶಕ್ಕೆ ಕಳಿಸಿದಾಗ ಭೂಮಿಯ ಸಂಗೀತದ ಗುರುತಾಗಿ ಒಂದು ಬಂಗಾರದ ತಟ್ಟೆಯಲ್ಲಿ ಕೆಲವು ಹಾಡು ಹಾಕಿತು. ಅದರಲ್ಲಿ ಬೆರ್ರಿಯ 'ಜಾನಿ ಬಿ. ಗುಡ್' ಐತಿ.

ಪಾತ್ರೆ ತೊಳೆಯುತ್ತಿದ್ದ ಲಿಟಲ್ ರಿಚರ್ಡ್

ನಾಲ್ಕನೆಯವನು ರಿಚರ್ಡ್ ಪೆನ್ನಿಮನ್, ಅಂದರೆ ಲಿಟಲ್ ರಿಚರ್ಡ್. 1932ರಲ್ಲಿ ಜಾರ್ಜಿಯಾ ರಾಜ್ಯದ ಮೇಕನ್ ಊರಿನಲ್ಲಿ ಹುಟ್ಟಿದ. ಹನ್ನೆರಡು ಮಕ್ಕಳಲ್ಲಿ ಒಬ್ಬ. ನಡೆ-ನುಡಿ ಹೆಣ್ಣಿನ ಹಾಗೆ ಅಂತ ತಂದೆಯೇ ಹೀಯಾಳಿಸಿ ಮನೆಯಿಂದ ಹೊರಗೆ ಹಾಕಿದ. ಬಣ್ಣದ ಕಾರಣಕ್ಕೆ ಊರು ದೂರ ಇಟ್ಟರೆ, ಈ ಕಾರಣಕ್ಕೆ ಮನೆಯೂ ದೂರ ಇಟ್ಟಿತು. ಈ ಹೊಯ್ದಾಟ ಅವನ ಜೀವನಪೂರ್ತಿ ಹೋಗಲಿಲ್ಲ.

1947ರಲ್ಲಿ ರೊಸೆಟ್ಟಾ ಥಾರ್ಪ್ ಮೇಕನ್ ಊರಿಗೆ ಬಂದಿದ್ದಳು. ಆಗ 14 ವರ್ಷದ ರಿಚರ್ಡ್ ಆ ಸಭಾಂಗಣದಲ್ಲಿ ಕೋಕಾಕೋಲಾ ಮಾರುತ್ತಿದ್ದ. ಅವನು ತನ್ನ ಹಾಡು ಹಾಡುತ್ತಿರುವುದು ಕಿವಿಗೆ ಬಿದ್ದು ಆಕೆ ಅವನನ್ನು ಸ್ಟೇಜಿಗೆ ಕರೆದಳು, ಹಾಡಿಸಿದಳು, ಕೈಗೆ ದುಡ್ಡೂ ಕೊಟ್ಟಳು. ಹಾಡಿದರೆ ದುಡ್ಡು ಬರುತ್ತದೆ ಅಂತ ಅವನಿಗೆ ಗೊತ್ತಾದದ್ದು ಅವತ್ತು. ಹಿರಿಯರೊಬ್ಬರು ಕಿರಿಯರ ಕೈ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಆದರೂ ಹೊಟ್ಟೆಪಾಡಿಗೆ ಮೇಕನ್ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು ತಪ್ಪಲಿಲ್ಲ. 1955ರ ಸೆಪ್ಟೆಂಬರ್ 14ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಸ್ಪೆಷಾಲ್ಟಿ ಕಂಪನಿಗೆ 'ಟುಟ್ಟಿ ಫ್ರುಟ್ಟಿ' ಹಾಡಿದ. ಹಾಡಿನ ಮೂಲ ಮಾತು ಪೋಲಿಯಾಗಿದ್ದವು. ಡೊರೊತಿ ಲಬೊಸ್ಟ್ರಿ ಎಂಬ ಹೆಣ್ಣುಮಗಳು ಬಂದು ಮಾತು ಬದಲಿಸಿಕೊಟ್ಟಳು. ಸ್ಟುಡಿಯೋದ ಸಮಯ ಮುಗಿಯುವ ಹೊತ್ತಿನಲ್ಲಿ ಅವಸರದಲ್ಲೇ ಹಾಡಿ ಮುಗಿಸಿದರು. ಆ ಹಾಡು ಕೇಳಿದವರಿಗೆ ಸುಮ್ಮನೆ ಕೂರುವುದು ಆಗಲಿಲ್ಲ.

ಪ್ಯಾಟ್ ಬೂನ್ ಎಂಬ ಬಿಳಿ ಹಾಡುಗಾರ ತಕ್ಷಣ ಅದನ್ನೇ ಹಾಡಿದ. ಸಾರ್ವತ್ರಿಕ ಯಾದಿಯಲ್ಲಿ ರಿಚರ್ಡನ ಮೂಲ ಹಾಡು 17ನೆಯ ಸ್ಥಾನಕ್ಕೆ ಬಂದರೆ ಬೂನನ ನಕಲು 12ಕ್ಕೆ ಏರಿತು. ಬಿಳಿ ಹುಡುಗರು ಬೂನನ ರೆಕಾರ್ಡನ್ನು ಮೇಜಿನ ಮೇಲೆ ಇಡುತ್ತಿದ್ದರು, ನನ್ನದನ್ನು ಡ್ರಾವರಿನಲ್ಲಿ ಬಚ್ಚಿಡುತ್ತಿದ್ದರು ಅಂತ ರಿಚರ್ಡ್ ನಗುತ್ತ ಹೇಳುತ್ತಿದ್ದ. ಅವನ ಒಪ್ಪಂದದ ಪ್ರಕಾರ ಒಂದು ರೆಕಾರ್ಡಿಗೆ ಸಿಗುತ್ತಿದ್ದದ್ದು ಅರ್ಧ ಸೆಂಟು. 100 ಸೆಂಟಿಗೆ ಒಂದು ಡಾಲರ್. ಅಂದರೆ 200 ರೆಕಾರ್ಡ್ ಮಾರಿದರೆ ಹಾಡಿದವನಿಗೆ ಒಂದು ಡಾಲರ್! ಲೆಕ್ಕ ನೀವೇ ಹಾಕಿರಿ.

ದುಡ್ಡು ಹೋಯಿತು, ಆದರೆ ಆ ಹಾಡು ಒಂದು ಕೆಲಸ ಮಾಡಿತು. ರಿಚರ್ಡನ ಕಾರ್ಯಕ್ರಮಗಳಲ್ಲಿ ಕಪ್ಪು ಜನರಿಗೊಂದು ಕಡೆ, ಬಿಳಿಯರಿಗೊಂದು ಕಡೆ ಅಂತ ಬೇರೆ ಬೇರೆ ಜಾಗ ಇರುತ್ತಿತ್ತು. ಹಾಡು ಜೋರಾದಂತೆ ಹುಡುಗ-ಹುಡುಗಿಯರು ಅದನ್ನು ದಾಟಿ ಕೂಡಿ ಕುಣಿಯುತ್ತಿದ್ದರು. ಅದೇ 1955ರ ಡಿಸೆಂಬರಿನಲ್ಲಿ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ ಅನ್ನುವುದನ್ನು ನೆನಪಿಡಬೇಕು. ಬೇರೆ ಸಾಲು ಕಾನೂನಿನಿಂದ ಹೋದದ್ದು 1964ರ ನಾಗರಿಕ ಹಕ್ಕು ಕಾಯ್ದೆಯಿಂದ, ಹೋರಾಟದಿಂದ. ಹಾಡು ಅದನ್ನು ತೆಗೆಯಲಿಲ್ಲ. ಆದರೆ ಕೂಡಿ ನಿಲ್ಲುವುದು ಹೇಗಿರುತ್ತದೆ ಅಂತ ಒಂದು ಸಂಜೆಯ ಮಟ್ಟಿಗೆ ತೋರಿಸಿತು.

1957ರಲ್ಲಿ ಆಸ್ಟ್ರೇಲಿಯಾ ಪ್ರವಾಸದ ನಡುವೆ ರಿಚರ್ಡ್ ಎಲ್ಲ ಬಿಟ್ಟು ಧರ್ಮೋಪದೇಶ ಕಲಿಯಲು ಹೋದ. 1962ರಲ್ಲಿ ಮತ್ತೆ ಹಾಡಲು ಬಂದ. ಆಗ ಇಂಗ್ಲೆಂಡಿನಲ್ಲಿ ಅವನಿಗಿಂತ ಮೊದಲು ಸ್ಟೇಜ್ ಹತ್ತುತ್ತಿದ್ದ ಹೊಸ ಹುಡುಗರೇ ಬೀಟಲ್ಸ್. ಪಾಲ್ ಮೆಕಾರ್ಟ್ನಿ ಎತ್ತರದ ದನಿಯಲ್ಲಿ ಕೂಗುವುದನ್ನು ಕಲಿತದ್ದು ಇವನಿಂದ. ಮುಂದೆ ಗಿಟಾರಿಗೇ ಹೆಸರಾದ ಜಿಮಿ ಹೆಂಡ್ರಿಕ್ಸ್ ಮೊದಲು ಇವನ ತಂಡದಲ್ಲಿ ಬಾರಿಸುತ್ತಿದ್ದ. 1988ರ ಗ್ರ್ಯಾಮಿ ಸಮಾರಂಭದಲ್ಲಿ ಬೇರೆಯವರಿಗೆ ಪ್ರಶಸ್ತಿ ಕೊಡಲು ಕರೆದಾಗ, ಇಷ್ಟು ವರ್ಷ ಹಾಡಿದರೂ ನೀವು ನನಗೆ ಒಂದೂ ಪ್ರಶಸ್ತಿ ಕೊಡಲಿಲ್ಲ ಅಂತ ತುಂಬಿದ ಸಭೆಯಲ್ಲೇ ಹೇಳಿದ. ಜನ ನಕ್ಕರು, ಆಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದರು. 1993ರಲ್ಲಿ ಜೀವಮಾನದ ಗೌರವ ಕೊಟ್ಟರು. 2020ರ ಮೇ 9ರಂದು ತೀರಿಕೊಂಡ.

ನಮಗೂ ಇದಕ್ಕೂ ಏನು ಸಂಬಂಧ?

ಈಗ ಕಾಕಾ ಕೇಳಿದ ಪ್ರಶ್ನೆಗೆ ಬರುತ್ತೇನೆ. ಬಾಬಾಸಾಹೇಬರು 1913ರಿಂದ 1916ರ ತನಕ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಇರುವುದು ಕಪ್ಪು ಜನರ ಹಾರ್ಲೆಮ್‌ನ ಮಗ್ಗುಲಲ್ಲೇ. 1946ರಲ್ಲಿ ಅವರು ಕಪ್ಪು ಜನರ ನಾಯಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಬಹಳ ಹೋಲಿಕೆ ಇದೆ ಎಂದು ಹೇಳಿದ್ದರು. ಡುಬಾಯ್ಸ್ ಅವರು ಸಹಾನುಭೂತಿಯಿಂದ ಉತ್ತರ ಬರೆದರು. 1972ರಲ್ಲಿ ಮುಂಬೈಯ ನಮ್ಮ ಯುವಕರು ಸಂಘಟನೆ ಕಟ್ಟಿದಾಗ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಹೆಸರಿನಿಂದಲೇ 'ದಲಿತ ಪ್ಯಾಂಥರ್' ಅಂತ ಹೆಸರಿಟ್ಟರು. ಸಂಬಂಧ ಹಳೆಯದೇ ಐತಿ, ಕಾಕಾ.

ಇನ್ನೊಂದು ಸಂಬಂಧ ನಮ್ಮ ಮನೆಯದು. ನಮ್ಮ ಆಯಿ ಬೀಸುವಾಗ, ಮಗುವನ್ನು ತೊಟ್ಟಿಲಿಗೆ ಹಾಕುವಾಗ ಬಾಬಾಸಾಹೇಬರ ಮೇಲೆ ತಾನೇ ಕಟ್ಟಿದ ಹಾಡು ಹಾಡುತ್ತಿದ್ದಳು. ಅರ್ಧ ಕನ್ನಡ, ಅರ್ಧ ಮರಾಠಿ. ಓದು-ಬರಹ ಬರುತ್ತಿರಲಿಲ್ಲ. ಯಾರೋ ಮೊಬೈಲಿನಲ್ಲಿ ತುಂಬಿಕೊಂಡು ಹೋಗಿದ್ದರು. ಎರಡು ವರ್ಷದ ಹಿಂದೆ ಬೇರೆ ಊರಿನ ಮೆರವಣಿಗೆಯಲ್ಲಿ ಡಿಜೆ ಮೇಲೆ ಅದೇ ಹಾಡು ಕೇಳಿಸಿತು. ಮಾತು ಅವೇ, ಧಾಟಿ ಅದೇ, ಹಾಡಿದವರು ಬೇರೆ. ಸಂಗೀತ ಇಂಥವರದು, ಸಾಹಿತ್ಯ ಇಂಥವರದು ಅಂತ ಯಾರ್ಯಾರದೋ ಹೆಸರು ಇದ್ದವು, ಆಯಿಯ ಹೆಸರು ಇರಲಿಲ್ಲ. ಮನೆಗೆ ಬಂದು ಹೇಳಿದರೆ ಆಯಿ, "ಹಾಡು ಬಾಬಾನದು, ನನ್ನ ಹೆಸರು ಯಾಕ ಬೇಕವ್ವಾ?" ಅಂದಳು. ಅದು ಆಯಿಯ ದೊಡ್ಡ ಮನಸ್ಸು. ಆದರೆ ಆಕೆಗೆ ಬೇಡವಾದ ಮಾತ್ರಕ್ಕೆ ನಾವು ಮರೆಯಬೇಕೆಂದಿಲ್ಲ. ಈಗ ಆಯಿ ಇಲ್ಲ. ಆಕೆಯ ಎಷ್ಟು ಹಾಡು ಹೋದವೋ ಲೆಕ್ಕವಿಲ್ಲ. ನಾನು ಬರೆದಿಟ್ಟುಕೊಂಡದ್ದು ಬರೀ ನಾಲ್ಕು.

ಆದ್ದರಿಂದ ಸಂಘದ ಗೆಳೆಯರಲ್ಲಿ ನನ್ನ ವಿನಂತಿ. ಮುಂದಿನ ವಾರ್ಷಿಕೋತ್ಸವದ ಒಳಗೆ ನಮ್ಮ ಓಣಿಯಲ್ಲಿ ಹಾಡುವವರು, ಹಲಗೆ ಬಾರಿಸುವವರು, ಭಜನೆಯವರು, ಬೀಸುವ ಹಾಡಿನ ಅಜ್ಜಿಯರು, ಇವರೆಲ್ಲರ ಹತ್ತಿರ ಕುಳಿತು ಹಾಡು ತುಂಬಿಕೊಳ್ಳೋಣ. ಪ್ರತಿ ಹಾಡಿನ ಜತೆ ಕಟ್ಟಿದವರ ಹೆಸರು, ಊರು, ತುಂಬಿದ ತಾರೀಖು ಒಂದು ವಹಿಯಲ್ಲಿ ಬರೆಯೋಣ. ಯಾರಾದರೂ ರೆಕಾರ್ಡಿಂಗಿಗೆ ಕರೆದರೆ ಓದದೆ ಸಹಿ ಮಾಡುವುದು ಬೇಡ, ಮೊದಲು ಸಂಘದಲ್ಲಿ ಓದಿಸೋಣ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಒಂದು ವಹಿ, ಒಂದು ಪೆನ್ನು, ಕಿಸೆಯಲ್ಲಿರುವ ಮೊಬೈಲು ಸಾಕು. ನನ್ನ ಆಯಿಯ ನಾಲ್ಕು ಹಾಡನ್ನು ಆ ವಹಿಯ ಮೊದಲ ಪುಟಕ್ಕೆ ನಾನು ಕೊಡುತ್ತೇನೆ.

ರೊಸೆಟ್ಟಾಳ ಗೋರಿಗೆ ಕಲ್ಲು ಹಾಕಲು 30 ವರ್ಷದ ಮೇಲೆ ಬೇಕಾಯಿತು. ನಮ್ಮವರಿಗೆ ಅಷ್ಟು ತಡ ಮಾಡುವುದು ಬೇಡ.

ಜಯ ಭೀಮ.